ಸುರಿದವನ ಹೆಸರಿಗೆ ತಾಮ್ರ

ಆ ತಾಮ್ರದ ಕಾರ್ಖಾನೆಯಲ್ಲಿ ಯಾರೂ ಎಲ್ಲೂ ಬರೆದಿಡದ ಒಂದು ಪದ್ಧತಿ ಇತ್ತು. ಕಾಯಿಸಿದವನು ಯಾರೇ ಇರಲಿ, ತಾಮ್ರ ಸುರಿದವನ ಹೆಸರಿಗೆ. ಬೆಳಗಿನ ಪಾಳಿಯವನು ಮೈಯೆಲ್ಲ ಬೆಂದು ಒಂದು ಪೀಪಾಯಿಯನ್ನು ಹದಕ್ಕೆ ತಂದಿಟ್ಟು, ಇನ್ನೇನು ಸುರಿಯಬೇಕು ಅನ್ನುವಾಗ ಸೈರನ್ ಕೂಗಿತೆಂದರೆ ಮುಗಿಯಿತು. ಮಧ್ಯಾಹ್ನದ ಪಾಳಿಯವನು ಊಟ ಮುಗಿಸಿ, ಬಾಯಿ ಒರೆಸಿಕೊಂಡು ಬಂದು, ಕೈಗವಸು ಏರಿಸಿ ಪೀಪಾಯಿ ಬಗ್ಗಿಸಿದರೆ ಅಷ್ಟೂ ತಾಮ್ರ ಅವನದು. ಅನ್ಯಾಯ ಅಂತ ಎಲ್ಲರಿಗೂ ಗೊತ್ತಿತ್ತು. ಇವತ್ತು ಕಳೆದುಕೊಂಡವನು ನಾಳೆ ಗಳಿಸುತ್ತಾನೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಸುಮ್ಮನಿದ್ದರು.

ಸರಿಹೋಗದ ಹಾಗೆ ನೋಡಿಕೊಳ್ಳಲು ಒಬ್ಬಳು ಮೇಲೆ ಕೂತಿದ್ದಾಳೆ ಎಂಬುದು ಎರಡನೇ ಪೀಪಾಯಿಯ ಬೆಳಗಿನ ಫೋರ್‌ಮನ್‌ಗೆ ಬಹಳ ದಿನ ಹೊಳೆಯಲೇ ಇಲ್ಲ.

ಪೀಪಾಯಿ ಅನ್ನುವುದು ಕೆಲಸಗಾರರು ಇಟ್ಟುಕೊಂಡ ಹೆಸರು. ಅಡ್ಡ ಮಲಗಿದ, ನಡುವೆ ಬಾಯಿ ಇರುವ ದೊಡ್ಡ ಕಬ್ಬಿಣದ ಪಾತ್ರೆ, ಒಳಗೆಲ್ಲ ಇಟ್ಟಿಗೆ. ಕುಲುಮೆಯಲ್ಲಿ ಕರಗಿದ ಅದಿರನ್ನು ಅದರೊಳಗೆ ಹೊಯ್ದು ಗಾಳಿ ಊದಿದರೆ ಗಂಧಕ ಸುಟ್ಟು ಹೊಗೆಯಾಗುತ್ತದೆ, ತಾಮ್ರ ಉಳಿಯುತ್ತದೆ. ಬಾಯಿಯ ಮೇಲಿನ ಹುಡ್ ಆ ಹೊಗೆಯನ್ನು ಎಳೆದುಕೊಂಡು ಆಸಿಡ್ ಪ್ಲಾಂಟಿಗೆ ಕಳಿಸುತ್ತದೆ. ಆಸಿಡ್ ಪ್ಲಾಂಟಿನ ಹೊಟ್ಟೆ ಇಷ್ಟೇ ಅಂತ ಇದೆ. ಅದಕ್ಕಿಂತ ಹೆಚ್ಚಾದದ್ದು ಚಿಮಣಿಯಿಂದ ಆಚೆ, ಗಾಳಿ ಬೀಸಿದ ಕಡೆ. ಹೆಚ್ಚಿನ ದಿನ ಅದು ಕೆಳಗಿನ ಬೀದಿಯ ಕಡೆ. ಅದಕ್ಕೇ ಮಾಲಿನ್ಯದ ಕಚೇರಿಯವರು ಮಿತಿ ಹಾಕಿದ್ದು. ಕುಲುಮೆ ಒಂದು, ಪೀಪಾಯಿ ಎರಡು, ಹೊಗೆ ತಿನ್ನುವ ಹೊಟ್ಟೆ ಒಂದೇ. ಯಾರು ಯಾವಾಗ ಊದಬೇಕು, ಯಾರು ಕಾಯಬೇಕು ಎಂದು ಕೂತು ಹೆಣೆಯುವ ಕೆಲಸಕ್ಕೆ ಕಂಪನಿ ಇಟ್ಟ ಹೆಸರು ಉತ್ಪಾದನಾ ಯೋಜನೆ. ಅದನ್ನು ಮಾಡುವವಳಿಗೆ ಜನ ಇಟ್ಟ ಹೆಸರು ಸರದಿಯಮ್ಮ.

ಅವಳ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಒಂದು ಕಡೆ ಗಾಜು, ಕೆಳಗೆ ಎರಡೂ ಪೀಪಾಯಿ ಕಾಣುತ್ತಿದ್ದವು. ಪ್ರತಿ ಪೀಪಾಯಿಯ ನೆತ್ತಿಯ ಮೇಲೂ ಒಂದು ದೀಪ. ಅವಳು ಹಸಿರು ಕೊಟ್ಟರೆ ಊದಬೇಕು, ಕೆಂಪು ಕೊಟ್ಟರೆ ಕಾಯಬೇಕು.

ಎರಡನೇ ಪೀಪಾಯಿಯ ಬೆಳಗಿನ ಫೋರ್‌ಮನ್ ಅವಳ ಸ್ವಂತ ಅಕ್ಕನ ಗಂಡ, ಭಾವ. ಕೆಲಸದಲ್ಲಿ ಗಟ್ಟಿಗ, ಅದನ್ನು ಅವಳೂ ಇಲ್ಲ ಅನ್ನುತ್ತಿರಲಿಲ್ಲ. ತಾನು ಕಾಯಿಸಿದ ತಾಮ್ರ ಇನ್ನೊಬ್ಬನ ಹೆಸರಿಗೆ ಹೋಗುವುದನ್ನು ಮಾತ್ರ ಆ ಮನುಷ್ಯನಿಂದ ನೋಡಲಾಗುತ್ತಿರಲಿಲ್ಲ. ತಟ್ಟೆಯಿಂದ ಯಾರೋ ತುತ್ತು ಎತ್ತಿಕೊಂಡ ಹಾಗೆ ಆಡುತ್ತಿದ್ದ.

ಆ ಒಂದು ಚಟವೇ ಅವಳ ಮನೆ ಮುರಿದದ್ದು.

ಅವಳ ಗಂಡ ಆಗ ಹೊಗೆ ಎಳೆಯುವ ಫ್ಯಾನ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಫ್ಯಾನ್ ತಾನಾಗಿ ನಿಂತುಹೋಯಿತು. ಊದಬೇಡಿ ಎಂದು ಅವನು ಫೋನಿನಲ್ಲಿ ಕೂಗಿ ಹೇಳಿದ. ಭಾವನ ಪಾಳಿ ಮುಗಿಯುವುದರಲ್ಲಿತ್ತು, ಪೀಪಾಯಿ ಹದಕ್ಕೆ ಬರುವುದರಲ್ಲಿತ್ತು. ಊದಿಯೇ ಬಿಟ್ಟ. ಹೊಗೆ ಕೆಳಗಿನ ಬೀದಿಗೆ ಇಳಿಯಿತು. ಬಟ್ಟೆ ಒಣಹಾಕುತ್ತಿದ್ದವರು ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದರು. ಮೂಲೆ ಮನೆಯ ಚಿಕ್ಕ ಹುಡುಗಿಯ ಎದೆ ಅವತ್ತು ಹಿಡಿದದ್ದು ಮತ್ತೆ ಪೂರ್ತಿ ಬಿಡಲಿಲ್ಲ.

ವಿಚಾರಣೆಯಲ್ಲಿ ಭಾವ ಹೇಳಿದ್ದು ಇಷ್ಟೇ: "ಯಾರೂ ನಂಗೆ ಫೋನ್ ಮಾಡ್ಲಿಲ್ಲ. ಪೀಪಾಯಿ ಮುಂದೆ ನಿಂತವನಿಗೆ ಫ್ಯಾನ್ ನಿಂತಿದ್ದು ಗೊತ್ತಾಗೋ ದಾರಿನೇ ಇಲ್ಲ." ಆಗ ದೀಪಗಳೂ ಇರಲಿಲ್ಲ. ಅವನ ಕೈಕೆಳಗಿನವರು ಅವನು ಹೇಳಿದ್ದನ್ನೇ ಹೇಳಿದರು. ರಜಾ ಕೊಡುವವನ ವಿರುದ್ಧ ಯಾರು ಬಾಯಿ ಬಿಡುತ್ತಾರೆ? ಫ್ಯಾನಿನವನ ಕೆಲಸ ಹೋಯಿತು. ಅಷ್ಟಕ್ಕೇ ನಿಲ್ಲದೆ ಭಾವ ಬೀದಿಯಲ್ಲಿ ಮನೆಮನೆಗೆ ಹೋಗಿ, "ಏನ್ಮಾಡೋದು, ನನ್ನ ಷಡ್ಡಕನೇ, ಆದ್ರೆ ಫ್ಯಾನ್ ಬಿಟ್ಟು ಎಲ್ಲೋ ಹೋಗಿದ್ದ" ಎಂದು ಮರುಗಿ ಬಂದ. ಆ ಮರುಕವೇ ಹೆಚ್ಚು ಕೆಲಸ ಮಾಡಿತು.

ಗಂಡ ಈಗ ಮುಂದಿನ ಕೋಣೆಯಲ್ಲಿ ಕೂತು ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ಬೇರೆ ಬೀದಿಯವರು ಬರುತ್ತಿದ್ದರು. ತಮ್ಮದೇ ಕೆಳಗಿನ ಬೀದಿಯವರು ಮೋಟರು ಹೊತ್ತುಕೊಂಡು ಅವನ ಬಾಗಿಲು ದಾಟಿ, ದೂರದ ಅಂಗಡಿಗೆ ಹೋಗುತ್ತಿದ್ದರು.

ಅವಳು ತೂಕದ ಕಚೇರಿಯಲ್ಲಿದ್ದವಳು. ಯೋಜನೆಯ ಕೆಲಸ ಖಾಲಿಯಾದಾಗ ಪರೀಕ್ಷೆ ಬರೆದು ಗೆದ್ದು ಬಂದಳು. ಬಡ್ತಿಗೆ ಬಂದಳು ಅಂದುಕೊಂಡರು. ಅವಳು ಬಂದದ್ದು ಎರಡನೇ ನಂಬರಿನ ದೀಪದ ಗುಂಡಿಗೆ.

*

ಆ ತಿಂಗಳು ಹೆಡ್ ಫೋರ್‌ಮನ್ ನಿವೃತ್ತರಾಗುವವರಿದ್ದರು. ಹೆಚ್ಚು ತಾಮ್ರ ತೋರಿಸಿದವರಿಗೆ ಆ ಕುರ್ಚಿ ಎಂದು ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದರು. ಭಾವ ಆ ಕುರ್ಚಿಯಲ್ಲಿ ಕೂತಾಗಿದೆ ಎಂಬಂತೆ ನಡೆಯತೊಡಗಿದ್ದ.

ಅವಳು ಸರದಿಯನ್ನು ತುಸು ತುಸುವೇ ಜಗ್ಗಿದಳು. ಬೆಳಿಗ್ಗೆ ಒಂದು ಸಣ್ಣ ಕೆಂಪು, ಊಟಕ್ಕೆ ಮುಂಚೆ ಇನ್ನೊಂದು. ಎರಡಕ್ಕೂ ಕಾರಣ ಇತ್ತು. ಮಿತಿಯ ಗೆರೆ ತೋರಿಸಿದರೆ ಯಾರೂ ಮಾತಾಡುವ ಹಾಗಿರಲಿಲ್ಲ. ಕಳೆದುಹೋದ ತಾಮ್ರವನ್ನು ಅವಳು ಬೇರೆ ಕಡೆ ಹೊಂದಿಸುತ್ತಿದ್ದಳು: ಒಂದನೇ ಪೀಪಾಯಿ ಮೇಲೆ ತೇಲಿದ ಕಿಟ್ಟ ಸುರಿಯುವಾಗ ಎರಡನೆಯದು ಊದಲಿ, ಇದು ಕಿಟ್ಟ ಸುರಿಯುವಾಗ ಅದು ಊದಲಿ. ಒಟ್ಟು ಲೆಕ್ಕ ಒಂದಿಷ್ಟೂ ಇಳಿಯಲಿಲ್ಲ. ಆದರೆ ಭಾವನ ಪೀಪಾಯಿ ದಿನಾ ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ಹದಕ್ಕೆ ಬರುತ್ತಿತ್ತು.

ಅದೇ ಪೀಪಾಯಿಯ ಮಧ್ಯಾಹ್ನದ ಫೋರ್‌ಮನ್ನನ್ನು ಎಲ್ಲರೂ ನಿಧಾನಪ್ಪ ಅನ್ನುತ್ತಿದ್ದರು. ನಡೆಯುವುದು ನಿಧಾನ, ಮಾತು ಇನ್ನೂ ನಿಧಾನ. ಅವನು ಬಂದು, ಕನ್ನಡಕ ಒರೆಸಿ, ಪೀಪಾಯಿ ಬಗ್ಗಿಸಿ, ತಾಮ್ರವನ್ನು ತನ್ನ ಹೆಸರಿಗೆ ಹಾಕಿಸಿಕೊಂಡು, "ಚೆನ್ನಾಗಿ ಕಾಯಿಸಿದ್ದೀರಿ" ಎಂದು ಭಾವನಿಗೆ ಹೇಳುತ್ತಿದ್ದ. ಮೆಚ್ಚಿಯೇ ಹೇಳುತ್ತಿದ್ದ. ಭಾವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏನಮ್ಮಾ ಸರದಿಯಮ್ಮ," ಭಾವ ಕೆಳಗಿನಿಂದ ಫೋನ್ ಮಾಡುತ್ತಿದ್ದ, "ನನ್ನ ದೀಪಕ್ಕೆ ಹಸಿರು ಖಾಲಿಯಾಯ್ತಾ? ಬೇಕಾದ್ರೆ ನಾನೇ ಬಣ್ಣ ತಂದುಕೊಡ್ತೀನಿ."

"ಹೊಗೆಗೆ ಮಿತಿ ಇದೆ ಭಾವ. ನಾನು ಹಾಕಿದ್ದಲ್ಲ."

"ಮಿತಿ ನನ್ನ ಪಾಳಿಗೆ ಮಾತ್ರ ಬರುತ್ತಾ? ಆ ನಿಧಾನಪ್ಪ ಬಂದ ತಕ್ಷಣ ಹೋಗ್ಬಿಡುತ್ತಾ?"

"ಅವರು ಕಾಯ್ತಾರೆ. ನೀವು ಕೂಗ್ತೀರಿ. ಅಷ್ಟೇ ವ್ಯತ್ಯಾಸ."

ಗಾಜಿನಾಚೆ ಅವನು ಫೋನ್ ಕುಕ್ಕುವುದು ಕಾಣುತ್ತಿತ್ತು. ಅವಳಿಗೆ ಟೀ ರುಚಿಯಾಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಅವನ ಕುರ್ಚಿ ತಪ್ಪಿಸುವುದಷ್ಟೇ ಅವಳಿಗೆ ಸಾಲದು. ಕುರ್ಚಿ ತಪ್ಪಿದರೆ ಗಂಡನ ಮೇಲಿನ ಮಾತು ಹೋಗುತ್ತದೆಯೇ? ಅವನು ಅವತ್ತು ಮಾಡಿದ್ದನ್ನೇ ಇನ್ನೊಮ್ಮೆ ಮಾಡಬೇಕು. ಈಗ ದೀಪ ಯಾವಾಗ ಕೆಂಪಿತ್ತು, ಗಾಳಿಯ ಕವಾಟ ಯಾವಾಗ ತೆರೆಯಿತು ಎಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಕೆಂಪಿನಲ್ಲಿ ಊದುವ ಮನುಷ್ಯ ಯಾರು ಎಂದು ಕಣ್ಣಾರೆ ಕಂಡ ಮೇಲೆ ಹಳೆಯ ದಿನದ ಮಾತೂ ಮೇಲೆ ಬಂದೇ ಬರುತ್ತದೆ. ಹಸಿದವನ ಮುಂದಿನಿಂದ ತಟ್ಟೆಯನ್ನು ದಿನಾ ಎಳೆಯುತ್ತಾ ಹೋದರೆ ಒಂದು ದಿನ ಕೈಹಾಕಿಯೇ ಹಾಕುತ್ತಾನೆ.

ಒಂದು ಸಂಜೆ ಗಂಡ ತಂತಿ ಸುತ್ತುತ್ತಾ ಅಂದ, "ನೀನೇನೋ ಮಾಡ್ತಿದ್ದೀಯ."

"ಸರದಿ ಮಾಡ್ತಿದ್ದೀನಿ."

"ಮುಖದಲ್ಲಿ ಕಾಣ್ತಿದೆ. ಮದುವೆ ಮನೆಗೆ ಹೊರಟವಳ ಹಾಗೆ ಇದ್ದೀಯ."

ಅವಳು ಹೇಳಿದಳು. ಗಂಡ ತಂತಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡ. ಆಮೇಲೆ ಅದನ್ನು ತೆಗೆದು, "ಅವನು ಊದ್ತಾನೆ, ಅದರಲ್ಲಿ ಅನುಮಾನ ಇಲ್ಲ. ಊದಿದ ಹೊಗೆ ಎಲ್ಲಿಗೆ ಹೋಗುತ್ತೆ?" ಎಂದ.

ಅವಳು ಆಚೆ ತಿರುಗಿದಳು. ಕಿಟಕಿ ತೆರೆದಿತ್ತು. ಮೂಲೆ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ಪಾಠ ಓದುತ್ತಿದ್ದಳು. ಸಾಲಿನ ನಡುವೆ ಎಲ್ಲೆಂದರಲ್ಲಿ ಉಸಿರಿಗೆ ನಿಲ್ಲುತ್ತಿದ್ದಳು, ಅಲ್ಪವಿರಾಮ ಇಲ್ಲದ ಕಡೆಯೂ.

"ನನ್ನ ಹೆಸರು ತೊಳೆಯೋಕೆ ಆ ಮಗುನ ಎದೆ ಬೇಡ," ಗಂಡ ಅಂದ. "ಅವನನ್ನ ಏನಾದ್ರೂ ಮಾಡ್ಕೋ. ಚರ್ಮ ಸುಲಿ, ನಾನೇ ಹಿಡ್ಕೊಳ್ತೀನಿ. ಬೀದಿ ಮೇಲೆ ಹೊಗೆ ಮಾತ್ರ ಬಿಡಿಸ್ಬೇಡ."

ಮಾರನೇ ದಿನ ಅವಳು ಸರದಿಯಲ್ಲಿ ಒಂದು ತೂತು ಬಿಟ್ಟಳು.

ಕುಲುಮೆಯ ಹೊಗೆಯೂ ಅದೇ ಆಸಿಡ್ ಪ್ಲಾಂಟಿಗೆ ಹೋಗುವುದು. ಸೈರನ್ನಿಗೆ ಮುಂಚಿನ ಹೊತ್ತಿನಲ್ಲಿ ಕುಲುಮೆಗೆ ಹಾಕುವ ಅದಿರನ್ನು ಕಡಿಮೆ ಮಾಡಿದರೆ ಆ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ, ಸರಿಯಾಗಿ ಒಂದು ಪೀಪಾಯಿ ಊದುವಷ್ಟು. ಪೀಪಾಯಿ ಮುಂದೆ ನಿಂತವನಿಗೆ ಕುಲುಮೆ ಕಾಣುವುದಿಲ್ಲ. ಅವನಿಗೆ ಕಾಣುವುದು ಒಂದನೇ ನಂಬರ್ ಭರ್ರೆಂದು ಊದುತ್ತಿರುವುದು ಮತ್ತು ತನ್ನ ನೆತ್ತಿಯ ಮೇಲಿನ ಕೆಂಪು. ಕಳ್ಳನಿಗೆ ಅಳತೆ ಹಿಡಿದು ಅಂಗಿ ಹೊಲಿದಂತೆ ಅವಳು ಅವನ ತಪ್ಪಿಗೆ ಅಳತೆಯ ಜಾಗ ಕಾಯ್ದಿಟ್ಟಳು.

ಮ್ಯಾನೇಜರ್ ಕಣ್ಣಿಗೆ ಅದು ಬಿದ್ದೇ ಬಿತ್ತು. ಯೋಜನೆಯವರ ಬೆಳಗಿನ ಸಭೆಯಲ್ಲಿ ಹಾಳೆ ಹಿಡಿದುಕೊಂಡು, "ಏನ್ರೀ, ಮಧ್ಯಾಹ್ನ ಆದ್ರೆ ಕುಲುಮೆಗೆ ನಿದ್ದೆ ಬರುತ್ತಾ?" ಅಂದರು.

"ಪಾಳಿ ಬದಲಾಗೋ ಹೊತ್ತು ಸರ್. ಅವಸರದಲ್ಲಿ ಯಾರ ಕೈ ಹೇಗೆ ಆಡುತ್ತೋ. ಸ್ವಲ್ಪ ಜಾಗ ಇರ್ಲಿ ಅಂತ."

"ಜಾಗ ಇಟ್ಕೊಂಡು ಏನ್ ಮಾಡೋದು, ಮಲಗೋದಾ? ತಿಂಗಳ ಕೊನೇವರೆಗೆ ನೋಡ್ತೀನಿ. ಆಮೇಲೆ ತುಂಬಿಸ್ಬೇಕು."

ತಿಂಗಳ ಕೊನೆ ಹತ್ತಿರವೇ ಇತ್ತು. ನಿಧಾನಪ್ಪ ಲೆಕ್ಕದಲ್ಲಿ ಭಾವನನ್ನು ದಾಟಿ, ದಾಟಿದ್ದಕ್ಕೆ ತಾನೇ ಮುಜುಗರಪಡುತ್ತಾ ಓಡಾಡುತ್ತಿದ್ದ. ಭಾವ ನೇರವಾಗಿ ಅವಳ ಕೋಣೆಗೇ ಬಂದ. ಮೊದಲ ಬಾರಿ ದನಿ ತಗ್ಗಿತ್ತು.

"ನೋಡಮ್ಮ, ಹಳೇದನ್ನ ಮನಸಲ್ಲಿ ಇಟ್ಕೊಂಡಿದ್ದೀಯ ಅಂತ ಗೊತ್ತು. ನಿಮ್ಮಕ್ಕನ ಮುಖ ನೋಡಿಯಾದ್ರೂ ಸೈರನ್‌ಗೆ ಮುಂಚೆ ಒಂದೇ ಒಂದು ಹಸಿರು ಕೊಡು."

"ಹಳೇದು ಅಂದ್ರೆ ಯಾವುದು ಭಾವ?"

ಅವನು ಅವಳನ್ನೇ ನೋಡಿದ. ಅವಳು ಕಾದಳು. ಅಲ್ಲಿ, ಇಬ್ಬರೇ ಇದ್ದ ಆ ಕೋಣೆಯಲ್ಲಿ ಅವನು ಒಪ್ಪಿಕೊಂಡು ಒಂದು ಮಾತು ಆಡಿದ್ದರೆ ಅವಳು ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ನಿನ್ನ ಗಂಡನ ಗ್ರಹಚಾರ," ಎಂದ ಅವನು. "ಅದಕ್ಕೆ ನಾನೇನು ಮಾಡ್ಲಿ?"

"ನಂಗೂ ಹಾಗೇ. ನಿಮ್ಮ ದೀಪದ ಗ್ರಹಚಾರ. ನಾನೇನು ಮಾಡ್ಲಿ?"

*

ಅವನು ಊದಿದ್ದು ಮರುದಿನವೇ.

ಪೀಪಾಯಿ ಹದಕ್ಕೆ ಬರುವುದರಲ್ಲಿತ್ತು. ಕೊನೆಯ ಒಂದು ಊದು ಮಾತ್ರ ಬಾಕಿ. ನಿಧಾನಪ್ಪ ದೂರದಲ್ಲಿ, ಗೇಟಿನ ಹತ್ತಿರ, ಕನ್ನಡಕ ಒರೆಸುತ್ತಾ ಬರುತ್ತಿದ್ದ. ಭಾವ ಒಮ್ಮೆ ಅವನನ್ನು ನೋಡಿದ, ಒಮ್ಮೆ ಕೆಂಪು ದೀಪ ನೋಡಿದ, ಆಮೇಲೆ ಮೇಲಿನ ಗಾಜನ್ನು ನೋಡಿದ. ಅವಳು ಕಂಪ್ಯೂಟರಿನ ಕಡೆ ಬಗ್ಗಿ ಏನೋ ಹುಡುಕುವವಳ ಹಾಗೆ ಮಾಡಿದಳು. ಅವನು ಕವಾಟ ತಿರುಗಿಸಿದ.

ಸದ್ದು ಅವಳ ಕೋಣೆಯ ಗೋಡೆಯವರೆಗೂ ಬಂತು. ಆಸಿಡ್ ಪ್ಲಾಂಟಿನ ಗೆರೆ ಪರದೆಯ ಮೇಲೆ ಏರತೊಡಗಿತು. ಏರಲಿ ಎಂದು ದಿನಗಟ್ಟಲೆ ಕಾದವಳು ಅವಳೇ. ಈಗ ಅದು ಏರುವುದನ್ನು ನೋಡುತ್ತಾ ಮೇಜಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಲೆಕ್ಕ ತಪ್ಪಿದ್ದರೆ? ಕುಲುಮೆಯವರು ಹೇಳಿದಷ್ಟು ಇಳಿಸದಿದ್ದರೆ? ಇನ್ನೊಂದು ಕೈ ಎರಡನೇ ನಂಬರಿನ ಗಾಳಿಯನ್ನು ಮೂಲದಲ್ಲೇ ನಿಲ್ಲಿಸುವ ಗುಂಡಿಯ ಮೇಲಿತ್ತು. ಗೆರೆ ಮಿತಿಯ ಹತ್ತಿರ ಬಂತು, ಅದರ ಕೆಳಗೇ ತಡವರಿಸಿತು, ನಿಂತಿತು. ಚಿಮಣಿಯ ತುದಿಯಲ್ಲಿ ಬಿಳಿ ಎಳೆಯೊಂದೂ ಇರಲಿಲ್ಲ.

ಕೆಳಗೆ ಪೀಪಾಯಿ ಬಗ್ಗಿತು. ತಾಮ್ರ ಬಿತ್ತು. ಆಮೇಲೆ ಸೈರನ್ ಕೂಗಿತು. ಭಾವನ ಹುಡುಗರು ಕೈತಟ್ಟಿದರು. ಅವನು ಹೆಲ್ಮೆಟ್ ತೆಗೆದು ಮೇಲಿನ ಗಾಜಿನ ಕಡೆ ಬೀಸಿ ತೋರಿಸಿದ.

ಫೋನ್ ಬಂತು. ಮ್ಯಾನೇಜರ್. "ಎರಡನೇ ನಂಬರ್ ಕೆಂಪಲ್ಲಿ ಊದಿದ್ಯಂತೆ?"

"ಹೌದು ಸರ್. ದಾಖಲಾಗಿದೆ."

"ಹೊಗೆ?"

"ಮಿತಿ ಒಳಗೇ ಇದೆ."

"ಮತ್ತೇನು! ಅಷ್ಟು ತಾಮ್ರ ಬಂತಲ್ಲ! ನಾಳೆ ಸಭೇಲಿ ಮಾತಾಡೋಣ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಖುಷಿ ಇತ್ತು.

ಅವಳು ಫೋನ್ ಇಟ್ಟು ಕೂತೇ ಇದ್ದಳು. ಬೀದಿಯನ್ನು ಉಳಿಸಲು ಹಾಸಿದ ಹಾಸಿಗೆಯ ಮೇಲೆ ಅವನೇ ಮೆತ್ತಗೆ ಬಿದ್ದು ಎದ್ದು ಹೋಗಿದ್ದ. ಮೈಗೆ ಒಂದು ಗೀರೂ ಇಲ್ಲ. ಮೇಲಾಗಿ ಕುರ್ಚಿಯೂ ಹತ್ತಿರ ಬಂದಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ನಗಲೂ ಇಲ್ಲ, ಬೈಯಲೂ ಇಲ್ಲ. "ಹುಡುಗಿ ಇವತ್ತು ಬೀದೀಲಿ ಕುಂಟಾಬಿಲ್ಲೆ ಆಡ್ತಿದ್ಲು," ಅಂದ. ಅವಳಿಗೆ ಸಮಾಧಾನವೂ ಆಯಿತು, ಪಾತ್ರೆ ಎತ್ತಿ ಒಗೆಯುವಷ್ಟು ಸಿಟ್ಟೂ ಬಂತು.

*

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಸುತ್ತ ಫೋರ್‌ಮನ್‌ಗಳು. ಭಾವ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ.

"ನಿಯಮದ ಪ್ರಕಾರ ನಿಮ್ಮನ್ನ ಮನೆಗೆ ಕಳಿಸ್ಬೇಕು," ಮ್ಯಾನೇಜರ್ ನಗುತ್ತಲೇ ಶುರು ಮಾಡಿದರು. "ಆದ್ರೆ ಹೊಗೆ ಆಚೆ ಹೋಗಿಲ್ಲ. ಒಂದು ಹೇಳಿ, ಜಾಗ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ನಮ್ಮ ಕಂಪ್ಯೂಟರ್ ಕೆಂಪು ಅಂತಿತ್ತು."

ಹೊಗಳಿಕೆಯ ವಾಸನೆ ಹತ್ತಿದರೆ ಭಾವನ ಎದೆ ತಾನಾಗಿ ಉಬ್ಬುತ್ತಿತ್ತು. "ಸರ್, ದೀಪ ಎಲ್ಲ ಹೊಸಬರಿಗೆ. ನಾನು ನೋಡೋದು ಹುಡ್‌ನ. ಪೀಪಾಯಿ ಬಾಯಿಂದ ಏಳೋ ಹೊಗೆನ ಹುಡ್ ಕಚ್ಚಿ ಎಳ್ಕೊಳ್ತಿದ್ರೆ ಒಳಗೆ ಜಾಗ ಇದೆ ಅಂತ. ಎಳೀದೆ ಹೊಗೆ ನಮ್ಮ ಮುಖಕ್ಕೇ ಬಂತು ಅಂದ್ರೆ ಜಾಗ ಇಲ್ಲ, ಇಲ್ಲಾ ಫ್ಯಾನ್ ಸತ್ತಿದೆ. ಒಂದು ಉಸಿರಲ್ಲಿ ಗೊತ್ತಾಗುತ್ತೆ. ಇಷ್ಟು ವರ್ಷ ಅದರ ಮುಂದೆ ನಿಂತಿದ್ದೀನಿ. ನನ್ನ ಮೂಗಿಗೆ ಮೋಸ ಮಾಡೋಕೆ ಆಗಲ್ಲ."

ಒಬ್ಬಿಬ್ಬರು ಮೆಚ್ಚಿ ತಲೆಯಾಡಿಸಿದರು. ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಯಾವಾಗ್ಲೂ ಗೊತ್ತಾಗುತ್ತಾ ಭಾವ?" ಎಂದಳು. ಸಭೆಯಲ್ಲಿ ಅವಳು ಅವನನ್ನು ಭಾವ ಅಂದದ್ದು ಅದೇ ಮೊದಲು.

"ಯಾವಾಗ್ಲೂ."

"ಫ್ಯಾನ್ ನಿಂತಿದ್ರೆ?"

"ಹೇಳಿದ್ನಲ್ಲಮ್ಮ, ಕಣ್ಣು ಮುಚ್ಕೊಂಡಿದ್ರೂ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ.

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಮೇಜಿನ ಆ ತುದಿಯಲ್ಲಿ ನಿಧಾನಪ್ಪ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಹಾಗಾದ್ರೆ," ಅಂದ ನಿಧಾನವಾಗಿ, "ಅವತ್ತು... ಫ್ಯಾನ್ ನಿಂತಾಗ... ನಿಮಗೆ ಗೊತ್ತಾಗಿತ್ತು. ಗೊತ್ತಾಗೋ ದಾರಿನೇ ಇಲ್ಲ ಅಂದಿದ್ರಿ ಅಲ್ವಾ? ನಾನೂ ಇದ್ದೆ ವಿಚಾರಣೇಲಿ." ಇನ್ನೂ ಸ್ವಲ್ಪ ಯೋಚಿಸಿ, ಯಾರ ಮೇಲೂ ಹಗೆಯಿಲ್ಲದ ದನಿಯಲ್ಲಿ ಸೇರಿಸಿದ: "ಗೊತ್ತಿದ್ದೂ ಊದಿದ್ರಿ. ಅವತ್ತೂ ಪಾಳಿ ಮುಗಿಯೋ ಹೊತ್ತೇ."

ಕಾಯಿಸಿದ್ದು ಭಾವ, ಸುರಿದದ್ದು ನಿಧಾನಪ್ಪ. ಕೊನೆಯಲ್ಲಿ ಕೂತಿದ್ದ ಯಾರೋ ಉಕ್ಕಿ ಬಂದ ನಗೆಯನ್ನು ಕೆಮ್ಮಿನಲ್ಲಿ ಮುಚ್ಚಿದರು.

ಭಾವ ಎದ್ದು ನಿಂತ. "ಇದೆಲ್ಲ ಇವಳ ಹುನ್ನಾರ! ದಿನಾ ಮಧ್ಯಾಹ್ನ ಕುಲುಮೆ ಇಳಿಸ್ತಿದ್ಲು ಅಂತ ಕುಲುಮೆಯವರು ನಿನ್ನೆ ಸಂಜೆ ಹೇಳಿದ್ರು, ಇದಕ್ಕೇ! ನಾನು ಊದ್ಲಿ ಅಂತಾನೇ ಜಾಗ ಮಾಡಿಟ್ಟು ಕೂತಿದ್ಲು!"

ಮ್ಯಾನೇಜರ್ ಅವಳ ಕಡೆ ತಿರುಗಿದರು. ಈಗ ನಗುತ್ತಿರಲಿಲ್ಲ. "ಹೌದೇನ್ರೀ?"

"ಜಾಗ ಬಿಟ್ಟಿದ್ದು ನಾನು ಸರ್. ಕಾಲಿಟ್ಟಿದ್ದು ಅವರು. ಜಾಗ ಇಲ್ಲದ ದಿನಾನೂ ಇಟ್ಟಿದ್ರು."

ಮ್ಯಾನೇಜರ್ ಲೆಕ್ಕದ ಮನುಷ್ಯ. ಸಭೆ ಮುಗಿಸಿ, ಬಾಗಿಲು ಹಾಕಿ, ಅವಳನ್ನೊಬ್ಬಳನ್ನೇ ಕೂರಿಸಿಕೊಂಡರು. ಹೆಡ್ ಫೋರ್‌ಮನ್ ಕುರ್ಚಿ ನಿಧಾನಪ್ಪನಿಗೆ. ಭಾವ ಪೀಪಾಯಿಯಿಂದ ಇಟ್ಟಿಗೆ ಶೆಡ್ಡಿಗೆ. ಅವಳ ಗಂಡನ ಮೇಲಿನ ಆರೋಪ ರದ್ದಾದ ಪತ್ರ. "ನೀವು ಮಾಲಿನ್ಯದ ಕಚೇರಿಗೆ ದೂರು ಕೊಟ್ರೆ ಅವರನ್ನ ಪೂರ್ತಿ ತೆಗೀಬೇಕಾಗುತ್ತೆ. ಕೊಡದಿದ್ರೆ ಶೆಡ್ಡಲ್ಲಿ ಇರ್ತಾರೆ. ನಿಮ್ಮ ಕೈಲಿದೆ," ಎಂದರು. ಎದ್ದು ಹೊರಟವಳಿಗೆ, "ಆಮೇಲೆ ಆ ಮಧ್ಯಾಹ್ನದ ತೂತು ಇವತ್ತಿಂದ ಮುಚ್ಚಿ," ಎಂದೂ ಹೇಳಿದರು.

*

ಸಂಜೆ ಅಕ್ಕ ಬಂದಳು. ಫ್ಯಾನಿನ ಕೆಲಸ ಹೋದ ದಿನದಿಂದ ಅಕ್ಕ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

"ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನೀನು ಭಾವನಿಗೆ ಹೇಳ್ತಿದ್ದೆ. ಅವರು ಊದದೆ ಕೈಕಟ್ಟಿ ಕೂರ್ತಿದ್ರು."

ಅಕ್ಕ ಅದನ್ನು ಅಲ್ಲಗಳೆಯಲಿಲ್ಲ. ಮುಂದಿನ ಕೋಣೆಯಲ್ಲಿ ತಂತಿ ಸುತ್ತುತ್ತಿದ್ದ ತಂಗಿಯ ಗಂಡನ ಕಡೆ ನೋಡಿ, ಕಣ್ಣು ತಗ್ಗಿಸಿದಳು. "ನಾನು ನಂಬಿದ್ದೆ ಕಣೇ. ಅವರು ಹೇಳಿದ್ದನ್ನೇ ನಂಬಿ ನಿನ್ನ ಮನೆ ಬಿಟ್ಟೆ. ಈಗ ಹೇಳು, ದೂರು ಕೊಡ್ತೀಯಾ? ಮಕ್ಕಳಿದ್ದಾರೆ ನಂಗೆ."

"ದೂರು ಕೊಡಲ್ಲ. ಆದ್ರೆ ಅವತ್ತು ಯಾವ ಯಾವ ಮನೆಗೆ ಹೋಗಿ ಮರುಗಿ ಬಂದ್ರೋ, ಆ ಎಲ್ಲ ಮನೆಗೂ ಹೋಗಿ ನಡೆದದ್ದು ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಅವರು ಸಾಯ್ತಾರೆ ಕಣೇ ಅದಕ್ಕಿಂತ."

"ಸಾಯಲ್ಲ ಅಕ್ಕ. ಇವರು ಸತ್ರಾ?"

ಅಕ್ಕ ಸೆರಗು ಬಿಗಿದುಕೊಂಡು ಎದ್ದಳು. ಅವಳ ಮುಖದಲ್ಲಿ ಈಗ ಬೇಡಿಕೆ ಇರಲಿಲ್ಲ, ಬೇರೆ ಏನೋ ಇತ್ತು. "ನಾನೇ ಕರ್ಕೊಂಡು ಬರ್ತೀನಿ," ಎಂದಳು. "ನಂಗೂ ಸುಳ್ಳು ಹೇಳಿದ್ದಾರೆ. ನಿನಗೊಬ್ಬಳಿಗೇ ಅಲ್ಲ."

ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಬೀದಿಯಲ್ಲಿದ್ದರು. ಭಾವನ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ಸರದಿಯಮ್ಮ. ಕಳ್ಳನನ್ನು ಹಿಡಿದು ತಂದ ಪೊಲೀಸರ ಹಾಗೆ. ಮೊದಲ ಬಾಗಿಲಲ್ಲಿ ಅವನು ನೆಲ ನೋಡುತ್ತಾ, "ಅವತ್ತು ಹೊಗೆ ಬಂದಿದ್ದು ನಮ್ಮ ಕಡೆ ಸ್ವಲ್ಪ ತಪ್ಪಾಗಿ..." ಅಂದ.

"ನಮ್ಮ ಕಡೆ ಅಲ್ಲ ಭಾವ. ಯಾರದ್ದು?"

"ನಂದು."

"ಸ್ವಲ್ಪ ಅಲ್ಲ. ಪೂರ್ತಿ ಹೇಳಿ."

ಪೂರ್ತಿ ಹೇಳಿದ. ಫ್ಯಾನ್ ನಿಂತಿದ್ದು ತನಗೆ ಗೊತ್ತಿತ್ತು, ಫೋನ್ ಬಂದಿತ್ತು, ತಾಮ್ರದ ಆಸೆಗೆ ಊದಿದೆ, ಷಡ್ಡಕನ ಮೇಲೆ ಸುಳ್ಳು ಹೇಳಿದೆ. ಎರಡನೇ ಬಾಗಿಲಲ್ಲಿ ಫೋನಿನ ಮಾತು ನುಂಗಿದ. ಅಕ್ಕ ಮೊಣಕೈಯಿಂದ ತಿವಿದಳು. ಮೂರನೇ ಮನೆಯ ಮುದುಕರಿಗೆ ಕಿವಿ ಮಂದ, ಅವರು, "ಏನಂದೆ?" ಎಂದು ಕೇಳುತ್ತಾ ಬೀದಿಗೆಲ್ಲ ಕೇಳುವಂತೆ ಅವನಿಂದ ಕೂಗಿಸಿದರು. ಸುದ್ದಿ ಅವರಿಗಿಂತ ಮುಂದೆ ಓಡುತ್ತಿತ್ತು. ಆಮೇಲಿನ ಮನೆಗಳವರು ತಟ್ಟುವ ಮುಂಚೆಯೇ ಬಾಗಿಲು ತೆರೆದು ನಿಂತಿದ್ದರು, ಕೈ ಒರೆಸಿಕೊಳ್ಳುತ್ತಾ. ಒಬ್ಬರೂ ಪರವಾಗಿಲ್ಲ ಅನ್ನಲಿಲ್ಲ. ಅವಳು ಆ ಒಂದೊಂದು ಮುಖವನ್ನೂ ನೋಡುತ್ತಾ, ಅವನು ಒಂದು ಮಾತು ಬಿಟ್ಟರೂ ಎತ್ತಿಕೊಡುತ್ತಾ ನಡೆದಳು. ಕಾಲು ನೋಯುತ್ತಿದ್ದರೂ ಬೀದಿ ಇನ್ನೂ ಉದ್ದ ಇದ್ದಿದ್ದರೆ ಅನ್ನಿಸಿತು.

ಕೊನೆಗೆ ಮೂಲೆ ಮನೆ. ಹುಡುಗಿಯ ತಾಯಿ ಹೊಸಿಲ ಮೇಲೆ ನಿಂತೇ ಕೇಳಿದಳು. ಹುಡುಗಿ ಅವಳ ಬೆನ್ನ ಹಿಂದಿನಿಂದ ಇಣುಕುತ್ತಿದ್ದಳು. ಭಾವ ಹೇಳಿ ಮುಗಿಸಿ, ಬೆವರು ಒರೆಸಿಕೊಂಡು, ಕಡೆಯ ಮನೆ ಎಂಬ ಧೈರ್ಯಕ್ಕೋ ಏನೋ, ಒಂದು ಮಾತು ಸೇರಿಸಿದ: "ಇವಳೂ ಏನು ಕಮ್ಮಿ ಇಲ್ಲ. ನಿನ್ನೆ ನಾನು ಮತ್ತೆ ಊದ್ಲಿ ಅಂತ ಕಾದು ಕೂತಿದ್ಲು. ಕೇಳಿ ಬೇಕಾದ್ರೆ."

ತಾಯಿ ಅವಳ ಕಡೆ ತಿರುಗಿದಳು. "ಹೌದಾ?"

"ಹೌದು."

"ನನ್ನ ಮಗಳು ಇಲ್ಲೇ ಕೆಳಗೆ ಇದ್ದಾಗ?"

"ಹೊಗೆ ಆಚೆ ಬರದ ಹಾಗೆ ಜಾಗ ಬಿಟ್ಟಿದ್ದೆ. ನಿಲ್ಸೋ ಗುಂಡಿ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ." ಹೇಳುವಾಗ ಅವಳಿಗೆ ಆ ಏರುತ್ತಿದ್ದ ಗೆರೆ ನೆನಪಾಯಿತು. "ತಪ್ಪಿದ್ರೆ ಅಂತ ನಂಗೂ ಹೆದರಿಕೆ ಇತ್ತು."

ತಾಯಿ ಇಬ್ಬರನ್ನೂ ಅಳೆಯುವಂತೆ ನೋಡಿದಳು. ಆ ನೋಟದಲ್ಲಿ ತನಗೂ ಪಾಲಿದೆ ಎಂದು ಸರದಿಯಮ್ಮನಿಗೆ ತಿಳಿಯಿತು. ಅವಳು ಕಣ್ಣು ತಪ್ಪಿಸಲಿಲ್ಲ.

"ನಿನ್ನ ಹತ್ರ ಆಮೇಲೆ ಮಾತಾಡ್ತೀನಿ," ಎಂದಳು ತಾಯಿ. "ಒಳಗೆ ಮೋಟರೊಂದು ಸುಟ್ಟು ಕೂತಿದೆ, ಅದನ್ನೂ ತರ್ತೀನಿ, ನಿನ್ನ ಗಂಡನಿಗೆ ಹೇಳು." ಆಮೇಲೆ ಭಾವನ ಕಡೆ ತಿರುಗಿದಳು. ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

"ನೀವು ನಿಲ್ಲಿ. ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದಾರೆ, ಅವರು ಕೇಳಿಲ್ಲ. ನಾಳೆ ಅವರು ಮನೇಲಿರ್ತಾರೆ, ಇದೇ ಹೊತ್ತಿಗೆ ಬಂದು ಇನ್ನೊಂದ್ಸಲ ಹೇಳಿ."

ಭಾವ ಅಕ್ಕನ ಮುಖ ನೋಡಿದ.

"ಬರ್ತಾರೆ," ಎಂದಳು ಅಕ್ಕ. "ಇಟ್ಟಿಗೆ ಶೆಡ್ಡಲ್ಲಿ ಬೇಗ ಬಿಡ್ತಾರೆ."